ಹೃದಯ ಜಾಸ್ತಿ ರಕ್ತ ತಳ್ಳುತ್ತಿದ್ದರೂ ಸೋಲುವುದು ಯಾಕೆ? ರಕ್ತನಾಳಗಳ ಅಡ್ಡದಾರಿ ಮತ್ತು ಪ್ರಾಣಿ ಪ್ರಯೋಗಗಳು

ರಕ್ತನಾಳಗಳ ತಪ್ಪು ಜೋಡಣೆಯಿಂದ ಇಲಿಗಳ ಹೃದಯ ಊದಿಕೊಂಡು ಕೆಲವೇ ವಾರಗಳಲ್ಲಿ ವಿಫಲವಾಯಿತು ಎಂಬಂಥ ಸುದ್ದಿಗಳು ಆಗಾಗ ಬರುತ್ತವೆ. ತಲೆಬರಹ ಓದಿದರೆ ಭಯ ಆಗುತ್ತದೆ, ಒಳಗಿನ ವಿವರ ಓದಿದರೆ ಗೊಂದಲ ಆಗುತ್ತದೆ. ಯಾಕೆಂದರೆ ವಿಫಲ ಎನ್ನುವ ಆ ಹೃದಯ ನಿಮಿಷಕ್ಕೆ ಮಾಮೂಲಿಗಿಂತ ಜಾಸ್ತಿ ರಕ್ತ ತಳ್ಳುತ್ತಿತ್ತು ಎಂದೂ ಅಲ್ಲೇ ಬರೆದಿರುತ್ತದೆ. ಅದು ಹೇಗೆ ಸಾಧ್ಯ? ಸಾಲದ್ದಕ್ಕೆ, ಡಯಾಲಿಸಿಸ್ ಬೇಕಾದವರ ಕೈಯಲ್ಲಿ ಡಾಕ್ಟರುಗಳೇ ಇಂಥದ್ದೊಂದು ಜೋಡಣೆ ಮಾಡುತ್ತಾರೆ. ಅದರಿಂದಲೇ ಲಕ್ಷಾಂತರ ಜನ ಬದುಕಿದ್ದಾರೆ. ಹಾಗಾದರೆ ಇಲಿಗೆ ವಿಷವಾದದ್ದು ಮನುಷ್ಯನಿಗೆ ಮದ್ದು ಹೇಗಾಯಿತು?

ಎರಡೂ ಸುದ್ದಿ ನಿಜ. ಎಷ್ಟು ರಕ್ತ ಅಡ್ಡದಾರಿ ಹಿಡಿಯಿತು, ಎಷ್ಟು ಕಾಲ ಹಿಡಿಯಿತು ಎಂಬ ಎರಡು ಲೆಕ್ಕ ಬಿಟ್ಟು ಓದಿದಾಗ ಮಾತ್ರ ಒಂದಕ್ಕೊಂದು ವಿರುದ್ಧ ಅನ್ನಿಸುತ್ತವೆ.

ನಡುವಿನ ಜಾಲ ತಪ್ಪಿದಾಗ

ಹೃದಯದಿಂದ ಹೊರಟ ರಕ್ತ ಅಪಧಮನಿಗಳಲ್ಲಿ ಹರಿದು, ಕವಲೊಡೆದು, ಕೊನೆಗೆ ಲೋಮನಾಳಗಳ ಜಾಲ ಹೊಕ್ಕುತ್ತದೆ. ಆಮ್ಲಜನಕ ಕೊಟ್ಟು ಕಸ ತೆಗೆದುಕೊಳ್ಳುವ ಕೆಲಸ ನಡೆಯುವುದು ಅಲ್ಲಿ. ಆಮೇಲೆ ಅಭಿಧಮನಿಗಳ ಮೂಲಕ ರಕ್ತ ವಾಪಸು ಬರುತ್ತದೆ. ದೊಡ್ಡ ಅಪಧಮನಿಯಲ್ಲಿ ಸರಾಸರಿ ಒತ್ತಡ ಸುಮಾರು 95 ಮಿ.ಮೀ. ಪಾದರಸದಷ್ಟು ಇರುತ್ತದೆ. ಲೋಮನಾಳದ ಬಾಗಿಲಿಗೆ ಬರುವ ಹೊತ್ತಿಗೆ 35ರ ಆಸುಪಾಸಿಗೆ ಇಳಿದಿರುತ್ತದೆ. ನಡುವಿನ ಸಣ್ಣ ಅಪಧಮನಿಗಳು ಒಡ್ಡುವ ತಡೆಯೇ ಈ ಇಳಿತಕ್ಕೆ ಕಾರಣ. ಈ ತಡೆ ಸುಮ್ನೆ ಇರುವ ಅಡ್ಡಿಯಲ್ಲ. ಯಾವ ಅಂಗಕ್ಕೆ ಎಷ್ಟು ರಕ್ತ ಎಂದು ಹಂಚುವುದು ಇದೇ.

ಈಗ ಒಂದು ಅಪಧಮನಿ, ನಡುವಿನ ಜಾಲವನ್ನು ಬಿಟ್ಟು, ನೇರವಾಗಿ ಅಭಿಧಮನಿಗೆ ಕೂಡಿಕೊಂಡಿತು ಎನ್ನಿ. ಹುಟ್ಟಿನಿಂದ ಬಂದಿರಬಹುದು, ಗಾಯದಿಂದ ಆಗಿರಬಹುದು, ಡಾಕ್ಟರ್ ಮಾಡಿರಬಹುದು. ತಡೆ ಇಲ್ಲದ ದಾರಿ ಸಿಕ್ಕಿದ ಮೇಲೆ ರಕ್ತ ಅಲ್ಲಿಗೇ ನುಗ್ಗುತ್ತದೆ. ಎಷ್ಟು ನುಗ್ಗುತ್ತದೆ ಎನ್ನುವುದು ಕಿಂಡಿಯ ಅಗಲದ ಮೇಲೆ ನಿಂತಿದೆ. ಕೊಳವೆಯಲ್ಲಿ ಹರಿವು ಅಗಲದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ ಎನ್ನುವುದು ಭೌತಶಾಸ್ತ್ರದ ಹಳೇ ಸೂತ್ರ. ಅಗಲ ಎರಡು ಪಟ್ಟಾದರೆ ಹರಿವು 16 ಪಟ್ಟು. ಜೀವಂತ ರಕ್ತನಾಳದಲ್ಲಿ ಲೆಕ್ಕ ಇಷ್ಟು ಕರಾರುವಾಕ್ಕಾಗಿ ಕೂಡುವುದಿಲ್ಲ, ಆದರೂ ಪಾಠ ಅದೇ: ಸ್ವಲ್ಪ ಅಗಲ ಹೆಚ್ಚಾದರೆ ಹರಿವು ಸ್ವಲ್ಪ ಹೆಚ್ಚಾಗಿ ನಿಲ್ಲುವುದಿಲ್ಲ. ಮೇಲಾಗಿ, ಜೋರು ಹರಿವಿಗೆ ಸಿಕ್ಕ ರಕ್ತನಾಳ ತಾನೇ ಹಿಗ್ಗುತ್ತದೆ. ಹಿಗ್ಗಿದರೆ ಹರಿವು ಇನ್ನೂ ಜಾಸ್ತಿ.

ತಪ್ಪು ತಿಳಿಯುವುದು ಕಿಡ್ನಿ

ಅಡ್ಡದಾರಿಯಲ್ಲಿ ಹೋದ ರಕ್ತ ಯಾವ ಅಂಗಕ್ಕೂ ಉಪಯೋಗ ಇಲ್ಲ. ಅಪಧಮನಿಗಳಲ್ಲಿ ಒತ್ತಡ ಬೀಳುತ್ತದೆ. ಅದರಲ್ಲೂ ಬಿಪಿಯ ಕೆಳಗಿನ ಅಂಕಿ ಚೆನ್ನಾಗಿ ಇಳಿಯುತ್ತದೆ. ನಾಡಿ ಹಿಡಿದರೆ ಬೆರಳಿಗೆ ರಪ್ ಎಂದು ಬಡಿದು ತಕ್ಷಣ ಕುಸಿದ ಹಾಗೆ ಅನಿಸುತ್ತದೆ.

ನಾಲೆಯ ಏರಿ ಒಡೆದು ನೀರೆಲ್ಲ ಗದ್ದೆ ಬಿಟ್ಟು ಹಳ್ಳಕ್ಕೆ ಹರಿದಾಗ ಏನಾಗುತ್ತದೆ? ಕೊನೆಭಾಗದವರಿಗೆ ನೀರಿಲ್ಲ. ಮೇಲೆ ತೂಬು ಕಾಯುವವನಿಗೆ ಏರಿ ಒಡೆದದ್ದು ಕಾಣುವುದಿಲ್ಲ, ನೀರು ಸಾಲದು ಎಂಬ ದೂರು ಮಾತ್ರ ಮುಟ್ಟುತ್ತದೆ. ಅವನು ತೂಬು ಇನ್ನಷ್ಟು ಎತ್ತುತ್ತಾನೆ. ದೇಹದಲ್ಲಿ ಆ ತೂಬು ಕಾಯುವವನು ಕಿಡ್ನಿ. ಒತ್ತಡ ಬಿದ್ದದ್ದನ್ನು ಅದು ರಕ್ತವೇ ಕಡಿಮೆಯಾಗಿದೆ ಎಂದು ತಿಳಿಯುತ್ತದೆ. ರೆನಿನ್ ಎಂಬ ಕಿಣ್ವ ಬಿಡುತ್ತದೆ. ಅದರಿಂದ ಆಂಜಿಯೊಟೆನ್ಸಿನ್, ಆಲ್ಡೊಸ್ಟೆರೋನ್ ಎಂಬ ಹಾರ್ಮೋನುಗಳು ಹೆಚ್ಚುತ್ತವೆ. ಹೊರಗೆ ಹೋಗಬೇಕಾದ ಉಪ್ಪು, ನೀರು ಒಳಗೇ ಉಳಿಯುತ್ತವೆ. ಜೊತೆಗೆ ನರಗಳು ಹೃದಯದ ಬಡಿತ ಏರಿಸುತ್ತವೆ.

ಮೊದಮೊದಲು ಇದು ಲಾಭವೇ. ರಕ್ತದ ಒಟ್ಟು ಪ್ರಮಾಣ ಹೆಚ್ಚಿದ್ದರಿಂದ ಒತ್ತಡ ಸುಮಾರಾಗಿ ಸರಿಹೋಗುತ್ತದೆ, ಅಂಗಗಳಿಗೆ ಪಾಲು ಸಿಗುತ್ತದೆ. ಆದರೆ ಕಿಂಡಿ ಮುಚ್ಚಿಲ್ಲ, ಅಲ್ವಾ? ಹೆಚ್ಚಿದ ರಕ್ತದಲ್ಲೂ ದೊಡ್ಡ ಪಾಲು ಅಲ್ಲೇ ಹರಿದು ಹೃದಯಕ್ಕೆ ವಾಪಸು ಬರುತ್ತದೆ. ಹೃದಯ ಅದೇ ರಕ್ತವನ್ನು ಮತ್ತೆ ಮತ್ತೆ ತಳ್ಳುತ್ತಾ ಕೂರುತ್ತದೆ.

ತಳ್ಳುವ ಪ್ರಮಾಣ ಹೆಚ್ಚಿದ್ದರೂ ವೈಫಲ್ಯ ಎನ್ನುವುದು ಈ ಕಾರಣಕ್ಕೆ. ದೇಹದ ಬೇಡಿಕೆ ಪೂರೈಸಬೇಕಾದರೆ ಹೃದಯದ ಕೋಣೆಗಳೊಳಗಿನ ಒತ್ತಡ ಸದಾ ಏರಿಯೇ ಇರಬೇಕು ಎನ್ನುವ ಸ್ಥಿತಿ ಬಂದರೆ, ಆ ಒತ್ತಡ ಹಿಂದಕ್ಕೆ ಶ್ವಾಸಕೋಶಕ್ಕೆ ತಟ್ಟುತ್ತದೆ. ಉಸಿರು ಕಟ್ಟುತ್ತದೆ, ಕಾಲು ಬಾಯುತ್ತದೆ. ವೈದ್ಯರು ರೋಗ ಗುರುತಿಸುವುದು ಇದನ್ನು ನೋಡಿ, ಎಷ್ಟು ಲೀಟರ್ ತಳ್ಳಿತು ಎಂಬುದೊಂದನ್ನೇ ನೋಡಿ ಅಲ್ಲ.

ಸ್ನಾಯು ಉದ್ದಕ್ಕೆ ಬೆಳೆಯುತ್ತದೆ

ಬಿಪಿ ಹೆಚ್ಚಿದವರ ಹೃದಯ ಮತ್ತು ಅಡ್ಡದಾರಿ ಇರುವವರ ಹೃದಯ ಒಂದೇ ರೀತಿ ಬೆಳೆಯುವುದಿಲ್ಲ. ಬಿಪಿ ಇದ್ದಾಗ ಹೃದಯ ಗಟ್ಟಿ ತಡೆಯ ಎದುರು ತಳ್ಳಬೇಕು. ಆಗ ಸ್ನಾಯುವಿನ ಎಳೆಗಳು ಪಕ್ಕಪಕ್ಕದಲ್ಲಿ ಸೇರಿ ಗೋಡೆ ದಪ್ಪವಾಗುತ್ತದೆ, ಕೋಣೆ ಹಾಗೇ ಇರುತ್ತದೆ ಅಥವಾ ಕಿರಿದಾಗುತ್ತದೆ. ಅಡ್ಡದಾರಿ ಇದ್ದಾಗ ತಡೆ ಇಲ್ಲ, ಬರುವ ರಕ್ತ ಮಾತ್ರ ವಿಪರೀತ. ಆಗ ಎಳೆಗಳ ಹೊಸ ತುಂಡುಗಳು ಉದ್ದಕ್ಕೆ, ಒಂದರ ತುದಿಗೊಂದು ಜೋಡಿಕೊಳ್ಳುತ್ತವೆ. ಕೋಣೆ ಅಗಲವಾಗುತ್ತದೆ. ಹೃದಯದ ತೂಕ ಏರುತ್ತದೆ, ಆದರೆ ಕೋಣೆ ಹಿಗ್ಗಿದಷ್ಟು ಗೋಡೆ ದಪ್ಪವಾಗಲೇಬೇಕೆಂದಿಲ್ಲ.

ಅಪಾಯ ಇರುವುದು ಇಲ್ಲೇ. ಕೋಣೆಯ ಅಗಲ ಹೆಚ್ಚಿದಂತೆ ಗೋಡೆಯ ಮೇಲಿನ ಎಳೆತವೂ ಹೆಚ್ಚುತ್ತದೆ. ಗೋಡೆ ದಪ್ಪವಾಗಿ ಅದನ್ನು ಹಂಚಿಕೊಂಡರೆ ಸರಿ, ಇಲ್ಲದಿದ್ದರೆ ಪ್ರತಿ ಎಳೆಯ ಮೇಲೂ ಭಾರ. ಇನ್ನೊಂದು ಕಡೆ, ಹೃದಯದ ಸ್ನಾಯುವಿಗೆ ರಕ್ತ ಸಿಗುವುದು ಹೆಚ್ಚಾಗಿ ಅದು ಸಡಿಲಗೊಂಡಾಗ. ಬಿಪಿಯ ಕೆಳಗಿನ ಅಂಕಿ ಇಳಿದಿದೆ, ಬಡಿತ ಜೋರಾಗಿ ಸಡಿಲಗೊಳ್ಳುವ ಸಮಯವೂ ಕಡಿಮೆಯಾಗಿದೆ. ಕೆಲಸ ಜಾಸ್ತಿ, ಕೂಲಿ ಕಡಿಮೆ.

ನಾಯಿಗಳಿಂದ ಕಲಿತದ್ದು

ಈ ತೊಂದರೆ ಮೊದಲು ಗೊತ್ತಾದದ್ದು ಪ್ರಯೋಗಶಾಲೆಯಲ್ಲಲ್ಲ. ಹಿಂದೆ ಚಿಕಿತ್ಸೆ ಎಂದು ಮೊಣಕೈ ಬಳಿಯ ಅಭಿಧಮನಿ ಚುಚ್ಚಿ ರಕ್ತ ತೆಗೆಯುತ್ತಿದ್ದರು. ಕೆಲವೊಮ್ಮೆ ಚಾಕುವಿನ ತುದಿ ಕೆಳಗಿನ ಅಪಧಮನಿಗೂ ತಾಗಿ ಎರಡೂ ಕೂಡಿಕೊಳ್ಳುತ್ತಿದ್ದವು. ಅಂಥ ರೋಗಿಗಳನ್ನು ವಿಲಿಯಂ ಹಂಟರ್ 1757ರಲ್ಲಿ ವರ್ಣಿಸಿದರು. ಆಮೇಲೆ 1875ರಲ್ಲಿ ನಿಕೊಲಡೋನಿ, 1890ರಲ್ಲಿ ಬ್ರಾನ್‌ಹ್ಯಾಂ ಒಂದು ವಿಚಿತ್ರ ಗಮನಿಸಿದರು. ಕಿಂಡಿ ಇರುವ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿದರೆ ರೋಗಿಯ ಹೃದಯದ ಬಡಿತ ನಿಧಾನವಾಗುತ್ತಿತ್ತು. ಬೆರಳು ತೆಗೆದರೆ ಮತ್ತೆ ಜೋರು. ಒತ್ತಿದ ಕ್ಷಣದಲ್ಲಿ ತಡೆ ವಾಪಸು ಬಂದು ಬಿಪಿ ಏರುತ್ತದೆ, ಅದನ್ನು ಗ್ರಹಿಸಿದ ನರಗಳು ಹೃದಯಕ್ಕೆ ನಿಧಾನಿಸಲು ಹೇಳುತ್ತವೆ. ಹಾಸಿಗೆ ಪಕ್ಕದಲ್ಲೇ ನಿಂತು ಮಾಡಬಹುದಾದ ಈ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ.

ಮುಂದಿನ ಪ್ರಶ್ನೆಗಳಿಗೆ ನಾಯಿಗಳ ಮೇಲೆ ಪ್ರಯೋಗ ನಡೆಯಿತು. ಅಮೆರಿಕದ ಸರ್ಜನ್ ಎಮಿಲ್ ಹೋಲ್ಮನ್ 1920ರ ದಶಕದಿಂದ ನಾಯಿಗಳಲ್ಲಿ ಬೇರೆ ಬೇರೆ ಗಾತ್ರದ ಕಿಂಡಿ ಮಾಡಿ ನೋಡಿದರು. ಕಿಂಡಿ ದೊಡ್ಡದಾದಷ್ಟೂ ರಕ್ತದ ಪ್ರಮಾಣ ಹೆಚ್ಚುತ್ತಿತ್ತು, ಹೃದಯ ಹಿಗ್ಗುತ್ತಿತ್ತು. ಮುಚ್ಚಿದರೆ ಹಿಗ್ಗಿದ ಹೃದಯ ಕುಗ್ಗುತ್ತಿತ್ತು. 1961ರಲ್ಲಿ ಆರ್ಥರ್ ಗೈಟನ್ ಮತ್ತು ಕಿಚಿ ಸಗಾವಾ ನರಗಳ ಪ್ರತಿಕ್ರಿಯೆ ನಿಲ್ಲಿಸಿದ ನಾಯಿಗಳಲ್ಲಿ ದೊಡ್ಡ ಕಿಂಡಿ ತೆರೆದು ನೋಡಿದರು. ನರಗಳ ಅಪ್ಪಣೆ ಇಲ್ಲದೆಯೇ ಹೃದಯ ತಳ್ಳುವ ರಕ್ತ ಹೆಚ್ಚಾಯಿತು. ಅಂದರೆ ಮೊದಲ ಏರಿಕೆ ಬರೀ ಕೊಳಾಯಿ ಲೆಕ್ಕ: ವಾಪಸು ಬರುವ ದಾರಿ ಸಲೀಸಾದರೆ ಜಾಸ್ತಿ ಬರುತ್ತದೆ, ಬಂದದ್ದನ್ನು ಹೃದಯ ತಳ್ಳುತ್ತದೆ. ನರಗಳು, ಕಿಡ್ನಿ ಸೇರಿಕೊಳ್ಳುವುದು ಅದರ ಮೇಲೆ.

ಪ್ರಯೋಗವಿಲ್ಲದೆಯೂ ನಾಯಿಗಳಿಗೆ ಈ ತೊಂದರೆ ಬರುತ್ತದೆ. ಗರ್ಭದಲ್ಲಿರುವಾಗ ಮಹಾಪಧಮನಿಗೂ ಶ್ವಾಸಕೋಶದ ಅಪಧಮನಿಗೂ ನಡುವೆ ಒಂದು ನಾಳ ಇರುತ್ತದೆ. ಹುಟ್ಟಿದ ಮೇಲೆ ಅದು ಮುಚ್ಚಿಕೊಳ್ಳಬೇಕು. ಮುಚ್ಚದೆ ಉಳಿಯುವುದು ನಾಯಿಗಳ ಹುಟ್ಟು ಹೃದ್ರೋಗಗಳಲ್ಲಿ ತುಂಬ ಸಾಮಾನ್ಯವಾದದ್ದು. ಇಲ್ಲಿ ಎರಡೂ ಅಪಧಮನಿಗಳೇ, ಆದರೆ ಎಡಗಡೆ ಹೃದಯಕ್ಕೆ ಬೀಳುವ ಭಾರ ಅದೇ ಬಗೆಯದು. ಪಶುವೈದ್ಯರು ಸ್ಟೆತೊಸ್ಕೋಪ್ ಇಟ್ಟರೆ ಮಿಷನ್ ಓಡುವಂತೆ ಬಿಡುವಿಲ್ಲದ ಸದ್ದು ಕೇಳುತ್ತದೆ. ಮರಿಯಾಗಿದ್ದಾಗಲೇ ಮುಚ್ಚಿದರೆ ಬಹುಪಾಲು ನಾಯಿಗಳು ಚೆನ್ನಾಗಿ ಬದುಕುತ್ತವೆ. ಬಿಟ್ಟರೆ ಹೃದಯ ಸೋಲುವ ಅಪಾಯ ಹೆಚ್ಚು.

ಒಂದು ಸೂಜಿ, ಒಂದು ಹನಿ ಅಂಟು

ಇಂದಿನ ಬಹಳಷ್ಟು ಅಧ್ಯಯನಗಳು ಇಲಿಗಳ ಮೇಲೆ ನಡೆಯುತ್ತವೆ. ವಿಧಾನ 1990ರಲ್ಲಿ ಗಾರ್ಸಿಯಾ ಮತ್ತು ಡೀಬೋಲ್ಡ್ ಪ್ರಕಟಿಸಿದ್ದು. ಅರಿವಳಿಕೆ ಕೊಟ್ಟು ಇಲಿಯ ಹೊಟ್ಟೆ ತೆರೆಯುತ್ತಾರೆ. ಅಲ್ಲಿ ಮಹಾಪಧಮನಿ ಮತ್ತು ಮಹಾಭಿಧಮನಿ ಒಂದಕ್ಕೊಂದು ಅಂಟಿಕೊಂಡೇ ಹೋಗುತ್ತವೆ. 18 ಗೇಜಿನ ಸೂಜಿಯನ್ನು ಮಹಾಪಧಮನಿಗೆ ಚುಚ್ಚಿ, ನಡುವಿನ ಗೋಡೆ ದಾಟಿಸಿ, ಪಕ್ಕದ ಮಹಾಭಿಧಮನಿಯೊಳಗೆ ತೂರಿಸುತ್ತಾರೆ. ಸೂಜಿ ಹೊರತೆಗೆದು ಹೊರಗಿನ ತೂತಿಗೆ ಸಯನೊಅಕ್ರಿಲೇಟ್ ಅಂಟಿನ ಒಂದು ಹನಿ ಬಿಟ್ಟರೆ ಅದು ಮುಚ್ಚುತ್ತದೆ, ಒಳಗಿನ ಕಿಂಡಿ ಉಳಿಯುತ್ತದೆ. ಕೆಲಸ ಆಯಿತೋ ಇಲ್ಲವೋ ಎಂದು ಕಣ್ಣಿಗೇ ಕಾಣುತ್ತದೆ: ಕಪ್ಪುಗೆಂಪಾಗಿದ್ದ ಅಭಿಧಮನಿ ಊದಿಕೊಂಡು ಹೊಳೆಯುವ ಕೆಂಪು ಬಣ್ಣಕ್ಕೆ ತಿರುಗುತ್ತದೆ.

ಆ ಸೂಜಿಯ ಹೊರ ಅಗಲ ಸುಮಾರು 1.2 ಮಿ.ಮೀ. ನಮಗೆ ಇದು ಸಣ್ಣದು. ಇಲಿಯ ಮಹಾಪಧಮನಿಯೇ ಹೆಚ್ಚುಕಡಿಮೆ ಅಷ್ಟು ಅಗಲ ಇರುತ್ತದೆ! ಹೃದಯ ತಳ್ಳುವ ರಕ್ತ ಎರಡು ಪಟ್ಟು ಅಥವಾ ಇನ್ನೂ ಹೆಚ್ಚಾಗುವುದು ಅದಕ್ಕೇ. ತಲೆಬರಹಗಳು ಬಿಟ್ಟುಬಿಡುವ ಅಂಕಿ ಇದು. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದೂ ಇದನ್ನೇ.

ಮುಂದೆ ಹೃದಯದಲ್ಲಿ ಏನಾಗುತ್ತದೆ ಎನ್ನುವುದು ಹಂತ ಹಂತವಾಗಿ ಗೊತ್ತಾಗಿದೆ. ಮೊದಲ ಕೆಲವು ದಿನಗಳಲ್ಲೇ ಹೃದಯದ ಸ್ನಾಯುವಿನಲ್ಲಿ ಮಾಸ್ಟ್ ಕೋಶಗಳು ಹೆಚ್ಚುತ್ತವೆ. ಅಲರ್ಜಿಯಲ್ಲಿ ಕೆಲಸ ಮಾಡುವ ಕೋಶಗಳೇ ಇವು. ಇವು ಬಿಡುವ ವಸ್ತುಗಳಿಂದ ಕೆಲವು ಕಿಣ್ವಗಳು ಎಚ್ಚೆತ್ತು, ಸ್ನಾಯುವಿನ ಎಳೆಗಳನ್ನು ಹಿಡಿದಿಟ್ಟಿರುವ ಕೊಲಾಜೆನ್ ಹೆಣಿಗೆಯನ್ನು ಕತ್ತರಿಸುತ್ತವೆ. ಹಿಡಿತ ಸಡಿಲವಾದ ಕೋಣೆ ಹಿಗ್ಗುತ್ತದೆ. ಮಾಸ್ಟ್ ಕೋಶಗಳನ್ನು ತಡೆಯುವ ಔಷಧ ಕೊಟ್ಟ ಇಲಿಗಳಲ್ಲಿ ಈ ಹಿಗ್ಗುವಿಕೆ ಕಡಿಮೆ. ಆಮೇಲೆ ಕೆಲವು ವಾರ ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಇಲಿ ತಿನ್ನುತ್ತದೆ, ಓಡಾಡುತ್ತದೆ. ಹೃದಯ ಮಾತ್ರ ದೊಡ್ಡದಾಗುತ್ತಲೇ ಇರುತ್ತದೆ. ತಿಂಗಳುಗಳು ಕಳೆದಂತೆ ಸ್ನಾಯುವಿನ ಬಲ ಕುಗ್ಗಿ, ಶ್ವಾಸಕೋಶದಲ್ಲಿ ನೀರು ತುಂಬಿ, ಸಾವುಗಳು ಶುರುವಾಗುತ್ತವೆ.

ಎಲ್ಲ ಇಲಿಗಳಿಗೂ ಒಂದೇ ಗತಿ ಇಲ್ಲ. ಹೆಣ್ಣಿಲಿಗಳ ಹೃದಯ ಗಂಡಿಲಿಗಳದ್ದಕ್ಕಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ. ಅಂಡಾಶಯ ತೆಗೆದರೆ ಆ ರಕ್ಷಣೆ ಹೋಗುತ್ತದೆ, ಈಸ್ಟ್ರೋಜೆನ್ ಕೊಟ್ಟರೆ ಬಹುಮಟ್ಟಿಗೆ ವಾಪಸು ಬರುತ್ತದೆ. ಇನ್ನೊಂದು ಉದಾಹರಣೆ ರೆನಿನ್ ಜೀನ್ ಸೇರಿಸಿ ಬೆಳೆಸಿದ ಇಲಿಗಳದ್ದು. ಅವುಗಳಲ್ಲಿ ಅದೇ ಸೂಜಿ, ಅದೇ ಕಿಂಡಿ ಬೇಗ ಸಾವು ತರುತ್ತದೆ. ಆಂಜಿಯೊಟೆನ್ಸಿನ್ ತಯಾರಿಯನ್ನು ತಡೆಯುವ ಎಸಿಇ ಇನ್ಹಿಬಿಟರ್ ಮಾತ್ರೆ ಕೊಟ್ಟರೆ ತುಂಬ ಇಲಿಗಳು ಬದುಕಿ ಉಳಿಯುತ್ತವೆ. ಹಾನಿ ಎಷ್ಟು ಎಂಬುದನ್ನು ಕಿಂಡಿಯ ಜೊತೆಗೆ ಕಿಡ್ನಿಯ ಪ್ರತಿಕ್ರಿಯೆಯೂ ತೀರ್ಮಾನಿಸುತ್ತದೆ ಎನ್ನುವುದಕ್ಕೆ ಇದು ಒಳ್ಳೆ ಸಾಕ್ಷಿ.

ಸೂಜಿಯಿಲ್ಲದೆ, ಜೀನ್‌ನಿಂದ

ಕಿಂಡಿ ತಾನಾಗಿಯೇ ಹುಟ್ಟುವುದೂ ಉಂಟು. ಎಚ್‌ಎಚ್‌ಟಿ ಎಂಬ ಆನುವಂಶಿಕ ರೋಗ ಸುಮಾರು 5,000 ಜನರಲ್ಲಿ ಒಬ್ಬರಿಗಿದೆ. ಪದೇ ಪದೇ ಮೂಗಿನಿಂದ ರಕ್ತ ಬರುವುದು ಇದರ ಮಾಮೂಲಿ ಲಕ್ಷಣ. ಎಂಡೊಗ್ಲಿನ್ ಅಥವಾ ಎಎಲ್‌ಕೆ1 ಜೀನ್ ಕೆಟ್ಟಿದ್ದರೆ ಅಪಧಮನಿ, ಅಭಿಧಮನಿಗಳು ಅಲ್ಲಲ್ಲಿ ನೇರವಾಗಿ ಕೂಡಿಕೊಳ್ಳುತ್ತವೆ. ಲಿವರ್‌ನಲ್ಲಿ ಇಂಥವು ತುಂಬಾ ಆದರೆ ಹೃದಯಕ್ಕೆ ಹೊರೆ.

2020ರಲ್ಲಿ ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಸಂಶೋಧಕರ ತಂಡ ಬೆಳೆದ ಚಿಟ್ಟಿಲಿಗಳ ರಕ್ತನಾಳದ ಒಳಪದರದಿಂದ ಎಂಡೊಗ್ಲಿನ್ ತೆಗೆದುಹಾಕಿದ ಫಲಿತಾಂಶ ಪ್ರಕಟಿಸಿತು. ಐದು ವಾರಗಳಲ್ಲಿ ಹೃದಯ ಹಿಗ್ಗಿ, ಜಾಸ್ತಿ ರಕ್ತ ತಳ್ಳುವ ಬಗೆಯ ವೈಫಲ್ಯ ಶುರುವಾಗಿತ್ತು. ತಪ್ಪು ಜೋಡಣೆ ಸಿಕ್ಕಿದ್ದು ಹೃದಯದಲ್ಲಲ್ಲ. ಸೊಂಟದ ಮುಂಭಾಗದ ಮೂಳೆಗಳು ಕೂಡುವ ಜಾಗದಲ್ಲಿ. ರಕ್ತನಾಳ ಬೆಳೆಸುವ ವಿಇಜಿಎಫ್ ಸಂಕೇತವನ್ನು ತಡೆದಾಗ ಹೃದಯ ಆ ಮಟ್ಟಕ್ಕೆ ಹೋಗಲಿಲ್ಲ.

ಕ್ಯಾನ್ಸರ್‌ಗೆ ಕೊಡುವ ಔಷಧ ಹೃದಯ ಉಳಿಸುತ್ತದೆ ಎಂಬ ತಲೆಬರಹಗಳ ಹಿಂದಿನ ತರ್ಕ ಇದೇ. ಬೆವಾಸಿಜುಮಾಬ್ ಎಂಬ ಆ ಔಷಧ ವಿಇಜಿಎಫ್ ಅನ್ನೇ ತಡೆಯುತ್ತದೆ. ಚಿಟ್ಟಿಲಿಗಳ ಈ ಅಧ್ಯಯನಕ್ಕೂ ಮೊದಲೇ, 2012ರಲ್ಲಿ, ಫ್ರಾನ್ಸಿನ ವೈದ್ಯರು ಲಿವರ್ ತೊಂದರೆ ತೀವ್ರವಾಗಿದ್ದ 25 ಎಚ್‌ಎಚ್‌ಟಿ ರೋಗಿಗಳಿಗೆ ಅದನ್ನು ಕೊಟ್ಟ ಫಲಿತಾಂಶ ಪ್ರಕಟಿಸಿದ್ದರು. ಲೆಕ್ಕಕ್ಕೆ ಸಿಕ್ಕ 24 ಜನರಲ್ಲಿ 3 ಜನರ ಹೃದಯದ ಹರಿವು ಮಾಮೂಲಿಗೆ ಬಂತು, 17 ಜನರಲ್ಲಿ ಕಡಿಮೆಯಾಯಿತು. ಒಳ್ಳೆ ಸುದ್ದಿಯೇ. ಆದರೆ ಅದು ಔಷಧ ಪಡೆಯದ ಗುಂಪಿನೊಂದಿಗೆ ಹೋಲಿಸಿದ ಪರೀಕ್ಷೆ ಆಗಿರಲಿಲ್ಲ ಎನ್ನುವುದನ್ನು ಮರೆಯುವಂತಿಲ್ಲ.

ಡಯಾಲಿಸಿಸ್ ಫಿಸ್ಟುಲಾ: ಎರಡು ವಾದ

ಈಗ ಜನಕ್ಕೆ ನಿಜವಾಗಿ ತಟ್ಟುವ ಪ್ರಶ್ನೆ. ಡಯಾಲಿಸಿಸ್‌ಗೆ ಮಣಿಕಟ್ಟಿನ ಹತ್ತಿರ ಅಪಧಮನಿ, ಅಭಿಧಮನಿ ಜೋಡಿಸುವ ವಿಧಾನ 1966ರಲ್ಲಿ ಪ್ರಕಟವಾಯಿತು. ಈ ಜೋಡಣೆಗೇ ಫಿಸ್ಟುಲಾ ಎನ್ನುತ್ತಾರೆ. ಜೋರು ಹರಿವಿಗೆ ಅಭಿಧಮನಿ ಹಿಗ್ಗಿ ಗಟ್ಟಿಯಾಗುತ್ತದೆ, ವಾರಕ್ಕೆ ಮೂರು ಸಲ ದಪ್ಪ ಸೂಜಿ ಚುಚ್ಚಿದರೂ ತಾಳುತ್ತದೆ. ಮೇಲೆ ಕೈಯಿಟ್ಟರೆ ಗುಂಯ್ ಎನ್ನುವ ಕಂಪನ ಸಿಗುತ್ತದೆ.

ಒಂದು ಕಡೆಯವರು ಹೇಳುವುದು: ಮಣಿಕಟ್ಟಿನ ಫಿಸ್ಟುಲಾದಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರ್ ಹರಿಯುತ್ತದೆ. ಹೃದಯ ತಳ್ಳುವುದು 5 ಲೀಟರ್ ಆಸುಪಾಸು. ಈ ಹೊರೆಯನ್ನು ಬಹುಪಾಲು ಹೃದಯಗಳು ತಾಳುತ್ತವೆ. ಫಿಸ್ಟುಲಾ ಬೇಡವೆಂದು ಕುತ್ತಿಗೆಯ ರಕ್ತನಾಳಕ್ಕೆ ಹಾಕಿದ ಕೊಳವೆಯಲ್ಲೇ (ಕ್ಯಾಥೆಟರ್) ಉಳಿದರೆ ಸೋಂಕಿನ ಭಯ ಇದ್ದೇ ಇದೆ, ಅದು ಇಂದಿನ ಅಪಾಯ. ಇನ್ನೊಂದು ಕಡೆಯವರು ಹೇಳುವುದು: ಮೇಲ್ತೋಳಿನ ಫಿಸ್ಟುಲಾಗಳಲ್ಲಿ ಹರಿವು ಒಂದೂವರೆ, ಎರಡು ಲೀಟರ್ ದಾಟುವುದುಂಟು. ಕಿಡ್ನಿ ಕೆಟ್ಟವರ ಹೃದಯ ಮೊದಲೇ ದಪ್ಪಗಾಗಿರುತ್ತದೆ. ಅದರ ಮೇಲೆ ವರ್ಷಗಟ್ಟಲೆ ಈ ಹೊರೆ ಯಾಕೆ?

ಪ್ರಾಣಿ ಪ್ರಯೋಗವನ್ನು ಎರಡೂ ಕಡೆಯವರು ತಮ್ಮ ಪರವಾಗಿ ಓದಬಹುದು. ಇಲಿಯ ಕಿಂಡಿ ತೀರಾ ದೊಡ್ಡದು, ಒಮ್ಮೆಲೇ ತೆರೆದದ್ದು. ಹಾಗಾಗಿ ಅದು ಅಪಾಯವನ್ನು ಹೆಚ್ಚಾಗಿ ತೋರಿಸುತ್ತದೆ. ಆದರೆ ಇಲಿ ಎಳೆಯದು, ಆರೋಗ್ಯವಾಗಿದ್ದದ್ದು, ಸಕ್ಕರೆ ಕಾಯಿಲೆ ಇಲ್ಲ. ಈ ಕಡೆಯಿಂದ ನೋಡಿದರೆ ಅಪಾಯವನ್ನು ಕಡಿಮೆಯಾಗಿಯೂ ತೋರಿಸುತ್ತದೆ. ಇನ್ನೂ ಮುಖ್ಯವಾದ ವ್ಯತ್ಯಾಸ ಕಿಡ್ನಿಯದ್ದು. ಇಲಿಯಲ್ಲಿ ಉಪ್ಪು, ನೀರು ಹಿಡಿದಿಟ್ಟು ಕತೆ ಕೆಡಿಸುವುದೇ ಚೆನ್ನಾಗಿರುವ ಕಿಡ್ನಿ. ಡಯಾಲಿಸಿಸ್ ರೋಗಿಯಲ್ಲಿ ಆ ಕಿಡ್ನಿಯೇ ಕೆಲಸ ಬಿಟ್ಟಿದೆ, ನೀರಿನ ಲೆಕ್ಕ ಮಿಷನ್ ಕೈಯಲ್ಲಿದೆ. ಎರಡು ಡಯಾಲಿಸಿಸ್ ನಡುವೆ ಎಷ್ಟು ನೀರು ಸೇರಿತು ಎನ್ನುವುದು ಫಿಸ್ಟುಲಾದಷ್ಟೇ ದೊಡ್ಡ ವಿಷಯವಾಗುತ್ತದೆ. ಇಲಿಯ ಫಲಿತಾಂಶವನ್ನು ಹಾಗ್‌ಹಾಗೇ ಎತ್ತಿ ಇಲ್ಲಿಡಲು ಬರುವುದಿಲ್ಲ ಎನ್ನಲು ನನಗೆ ಕಾಣುವ ಗಟ್ಟಿ ಕಾರಣ ಇದು.

ಇನ್ನು ಅಡ್ಡದಾರಿಯನ್ನೇ ಬಿಪಿಗೆ ಚಿಕಿತ್ಸೆ ಮಾಡುವ ಯೋಚನೆಯೂ ಬಂದಿತ್ತು. 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಸೊಂಟದ ಕೆಳಭಾಗದ ದೊಡ್ಡ ರಕ್ತನಾಳಗಳ ನಡುವೆ 4 ಮಿ.ಮೀ. ಕಿಂಡಿ ಇಟ್ಟಾಗ ಆರು ತಿಂಗಳಲ್ಲಿ ಬಿಪಿಯ ಮೇಲಿನ ಅಂಕಿ ಸರಾಸರಿ 27 ಮಿ.ಮೀ.ನಷ್ಟು ಇಳಿಯಿತು. ಜೊತೆಗೆ 29% ಜನರಲ್ಲಿ ಆ ಬದಿಯ ಅಭಿಧಮನಿ ಕಿರಿದಾಯಿತು. ಬಿಪಿ ಇಳಿದದ್ದು ನಿಜ, ಅದಕ್ಕಾಗಿ ಹೃದಯಕ್ಕೆ ಹೊಸ ಹೊರೆ ಕಟ್ಟಿದ್ದೂ ನಿಜ. ಮಾಮೂಲಿ ಚಿಕಿತ್ಸೆಯಾಗಿ ಅದು ಬೇರೂರಲಿಲ್ಲ.

ಮುಚ್ಚುವುದೋ, ಬಿಡುವುದೋ

ಹೋಲ್ಮನ್ ಅವರ ನಾಯಿಗಳಲ್ಲಿ ಕಿಂಡಿ ಮುಚ್ಚಿದಾಗ ಹೃದಯ ಕುಗ್ಗಿತ್ತು. ಮನುಷ್ಯರಲ್ಲೂ ಹಾಗೇನಾ? 2019ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ಇದಕ್ಕೆ ಉತ್ತರ ಹುಡುಕಿತು. ಕಿಡ್ನಿ ಕಸಿ ಆಗಿ ಕನಿಷ್ಠ ಒಂದು ವರ್ಷ ಕಳೆದ, ಹೊಸ ಕಿಡ್ನಿ ಚೆನ್ನಾಗಿರುವ 64 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿನವರ ಫಿಸ್ಟುಲಾ ಮುಚ್ಚಿದರು, ಇನ್ನೊಂದರದ್ದು ಬಿಟ್ಟರು. ಆರು ತಿಂಗಳ ನಂತರ ಎಂಆರ್‌ಐ ಮಾಡಿದಾಗ ಮುಚ್ಚಿದವರ ಎಡ ಹೃತ್ಕುಕ್ಷಿಯ (ದೇಹಕ್ಕೆ ರಕ್ತ ತಳ್ಳುವ ಕೋಣೆ) ತೂಕ ಸರಾಸರಿ 22 ಗ್ರಾಂ ಇಳಿದಿತ್ತು. ಬಿಟ್ಟವರಲ್ಲಿ 1 ಗ್ರಾಂ ಏರಿತ್ತು. ನಾಯಿಗಳು ಹೇಳಿದ್ದು ಸುಳ್ಳಲ್ಲ.

ಹಾಗೆಂದು ಕಸಿಯಾದ ಎಲ್ಲರ ಫಿಸ್ಟುಲಾ ಮುಚ್ಚಿಬಿಡೋಣ ಎನ್ನುವುದು ಅವಸರ. ಹೃದಯದ ತೂಕ ಇಳಿಯುವುದು ಬೇರೆ, ಆಯುಷ್ಯ ಹೆಚ್ಚುವುದು ಬೇರೆ. ಮೊದಲನೆಯದಕ್ಕೆ ಸಾಕ್ಷಿ ಇದೆ, ಎರಡನೆಯದನ್ನು ನೋಡಲು ಇಷ್ಟು ಸಣ್ಣ ಪರೀಕ್ಷೆ ಸಾಲದು. ಕಸಿ ಮಾಡಿದ ಕಿಡ್ನಿ ಮುಂದೆ ಕೈಕೊಟ್ಟರೆ ಮತ್ತೆ ಡಯಾಲಿಸಿಸ್ ಬೇಕು, ಹೊಸ ಫಿಸ್ಟುಲಾಗೆ ಒಳ್ಳೆಯ ರಕ್ತನಾಳ ಸಿಗುವ ಭರವಸೆ ಇಲ್ಲ. ಹಾಗಾಗಿ ಹರಿವು ಅಳೆದು, ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ, ಹರಿವು ವಿಪರೀತ ಇದ್ದು ಹೃದಯ ಹಿಗ್ಗುತ್ತಿರುವವರಲ್ಲಿ ಮುಚ್ಚುವುದು ಅಥವಾ ಕಿರಿದು ಮಾಡುವುದೇ ಸದ್ಯಕ್ಕೆ ಒಪ್ಪಬಹುದಾದ ದಾರಿ. ಫಿಸ್ಟುಲಾ ಇದ್ದು ಉಸಿರು ಕಟ್ಟುವುದು, ಕಾಲು ಬಾಯುವುದು ಶುರುವಾದರೆ ಹರಿವು ಎಷ್ಟಿದೆ ಎಂದು ಡಾಕ್ಟರನ್ನು ಕೇಳುವುದು ನ್ಯಾಯವಾದ ಪ್ರಶ್ನೆ. ಡಾಪ್ಲರ್ ಸ್ಕ್ಯಾನಿನಲ್ಲಿ ಅದು ಗೊತ್ತಾಗುತ್ತದೆ, ಸೂಜಿ ಚುಚ್ಚಬೇಕಾಗಿಲ್ಲ.